ಒಲಿಂಪಿಯಾ ಕ್ಲುಜ್: ಗೆದ್ದೇ ಗೆಲ್ಲುವ ತಂಡದ ಪಂದ್ಯಕ್ಕೆ ಹೋಗಬೇಕೇ?

ರೊಮೇನಿಯಾದ ಕ್ಲುಜ್-ನಪೋಕಾ ನಗರದಲ್ಲಿ ಸಾಫ್ಟ್‌ವೇರ್ ಕೆಲಸದ ಮೇಲೆ ಕೆಲವು ತಿಂಗಳೋ ಕೆಲವು ವರ್ಷವೋ ಇದ್ದು ಬರುವ ಕನ್ನಡಿಗರಿಗೆ ಅಲ್ಲಿನವರು ವಾರಾಂತ್ಯಕ್ಕೆಂದು ಸೂಚಿಸುವ ಜಾಗಗಳು ಬಹುತೇಕ ಒಂದೇ ಆಗಿರುತ್ತವೆ: ಹತ್ತಿರದ ತುರ್ದಾ ಪಟ್ಟಣದ ಉಪ್ಪಿನ ಗಣಿ, ನಗರದ ನಡುವಿನ ಸೇಂಟ್ ಮೈಕೇಲ್ ಚರ್ಚು, ಹೊಯಾ ಕಾಡು, ಬೇಸಿಗೆಯಾದರೆ ಅನ್‌ಟೋಲ್ಡ್ ಸಂಗೀತೋತ್ಸವ. ಫುಟ್‌ಬಾಲ್ ನೋಡಬೇಕೆಂದರೆ ಸಿಎಫ್‌ಆರ್ ಅಥವಾ ಯುನಿವರ್ಸಿತಾತೆಯಾ ಕ್ಲಬ್ಬಿನ ಪುರುಷರ ತಂಡಗಳ ಹೆಸರು ಬರುತ್ತದೆ. ಆದರೆ 2010ರ ದಶಕದಲ್ಲಿ ಈ ಊರಿನಲ್ಲಿ ಅತಿ ಹೆಚ್ಚು ರಾಷ್ಟ್ರೀಯ ಪ್ರಶಸ್ತಿ ಗೆದ್ದ ಫುಟ್‌ಬಾಲ್ ತಂಡ ಇವೆರಡೂ ಅಲ್ಲ. ಅದು ಒಲಿಂಪಿಯಾ ಎಂಬ ಮಹಿಳಾ ಕ್ಲಬ್ಬು. ಆ ಕ್ಲಬ್ಬಿನ ಪಂದ್ಯವೊಂದಕ್ಕೆ ಪ್ರೇಕ್ಷಕರಾಗಿ ಹೋದರೆ ಏನು ಸಿಗುತ್ತದೆ, ಎದುರಿಗೆ ನಡೆಯುತ್ತಿರುವ ಆಟದ ಹಿಂದೆ ಎಂಥ ಇತಿಹಾಸವಿದೆ, ಮತ್ತು ರಜೆಯ ಒಂದು ಮಧ್ಯಾಹ್ನವನ್ನು ಅದಕ್ಕೆ ಕೊಡಬಹುದೇ ಎಂಬುದನ್ನು ಅಲ್ಲಿ ಇದ್ದ ಕಾಲದಲ್ಲಿ ನಾನು ಕಂಡದ್ದರ ಆಧಾರದ ಮೇಲೆ ಇಲ್ಲಿ ವಿಮರ್ಶಿಸಿದ್ದೇನೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಓದುಗರಿಗೆ ಅನುಕೂಲ. ಪೈಪೋಟಿ ನೋಡುವ ಆಸೆಯಿಂದ ಹೋಗುವವರಿಗೆ ಒಲಿಂಪಿಯಾದ ಲೀಗ್ ಪಂದ್ಯ ನಿರಾಶೆ ತರುತ್ತದೆ, ಏಕೆಂದರೆ ನಾನು ನೋಡಿದ ಹೆಚ್ಚಿನ ಪಂದ್ಯಗಳು ಮಧ್ಯಂತರಕ್ಕೆ ಮುಂಚೆಯೇ ಮುಗಿದುಹೋಗಿದ್ದವು. ಆಟದ ಕೌಶಲವನ್ನು ಹತ್ತಿರದಿಂದ ನೋಡಬಯಸುವವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಅವಕಾಶ ಆ ಊರಿನಲ್ಲಿಲ್ಲ. ಈ ಎರಡೂ ಮಾತು ಏಕಕಾಲಕ್ಕೆ ನಿಜವಾಗಿರುವುದಕ್ಕೆ ಕಾರಣ ತಂಡದ ಇತಿಹಾಸದಲ್ಲಿದೆ.

ರೊಮೇನಿಯಾದಲ್ಲಿ ಮಹಿಳಾ ಫುಟ್‌ಬಾಲ್‌ಗೆ ರಾಷ್ಟ್ರೀಯ ಲೀಗ್ ಎಂಬುದು ಬಂದದ್ದೇ ಕಮ್ಯುನಿಸ್ಟ್ ಆಡಳಿತವನ್ನು ಉರುಳಿಸಿದ 1989ರ ಡಿಸೆಂಬರ್ ಕ್ರಾಂತಿಯ ನಂತರ. ತೊಂಬತ್ತರ ದಶಕದಲ್ಲಿ ಪ್ರಶಸ್ತಿ ಬ್ರಷೋವ್ ಮುಂತಾದ ನಗರಗಳ ನಡುವೆ ಓಡಾಡುತ್ತಿತ್ತು, ಮತ್ತು ಅಲ್ಲಿನ ಪುರುಷರ ಕ್ಲಬ್ಬುಗಳಂತೆ ಮಹಿಳಾ ತಂಡಗಳಲ್ಲಿಯೂ ಕೆಲವು ಕಾರ್ಖಾನೆಯ ಹೆಸರನ್ನು ಹೊತ್ತುಕೊಂಡಿದ್ದವು. ಹೊಸ ಶತಮಾನದ ಮೊದಲ ದಶಕದಲ್ಲಿ ಯಜಮಾನಿಕೆ ಕ್ಲುಜ್‌ಗೆ ಬಂತು. ಆಗಿನ ತಂಡದ ಹೆಸರು ಕ್ಲುಜಾನಾ. ಅದು ಈ ನಗರದ ಹಳೆಯ, ಹೆಸರಾಂತ ಪಾದರಕ್ಷೆ ಕಾರ್ಖಾನೆಯ ಹೆಸರು. ಕ್ಲುಜಾನಾ ವರ್ಷ ವರ್ಷವೂ ಗೆಲ್ಲುತ್ತ, ಆಗ ಯುಇಎಫ್‌ಎ (ಯುರೋಪಿನ ಫುಟ್‌ಬಾಲ್ ಒಕ್ಕೂಟ) ಮಹಿಳಾ ಕಪ್ ಎಂದು ಕರೆಯುತ್ತಿದ್ದ ಯುರೋಪಿನ ಟೂರ್ನಿಗೂ ಹೋಗಿಬಂತು. 2009-10ರಲ್ಲಿ ಪ್ರಶಸ್ತಿ ನೆರೆಯ ತರ್ಗು ಮುರೇಷ್ ನಗರದ ತಂಡದ ಪಾಲಾಯಿತು. ಟ್ರಾನ್ಸಿಲ್ವೇನಿಯಾ ಪ್ರಾಂತದ ಈ ಭಾಗದಲ್ಲಿ ಆಟಗಾರ್ತಿಯರೂ ತರಬೇತುದಾರರೂ ಆಗಲೇ ಸಾಕಷ್ಟು ಮಂದಿ ಇದ್ದರೆಂಬುದನ್ನು ಇಲ್ಲಿ ಗಮನಿಸಬೇಕು. ಒಲಿಂಪಿಯಾ ಹುಟ್ಟಿದ್ದು ಬರಡು ನೆಲದಲ್ಲಲ್ಲ.

ಕ್ಲಬ್ ಸ್ಥಾಪನೆಯಾದದ್ದು 2010ರಲ್ಲಿ. ತನ್ನ ಮೊದಲ ಋತುವಾದ 2010-11ರಲ್ಲಿಯೇ ಅದು ರಾಷ್ಟ್ರೀಯ ಚಾಂಪಿಯನ್ ಆಯಿತು. ಅಲ್ಲಿಂದ 2019ರವರೆಗೆ ಸತತವಾಗಿ ಒಂಬತ್ತು ಬಾರಿ ಆ ಸ್ಥಾನವನ್ನು ಬಿಟ್ಟುಕೊಡಲಿಲ್ಲ, ಆನಂತರವೂ ಪ್ರಶಸ್ತಿಗಳು ಬಂದವು. ಹಲವು ಋತುಗಳಲ್ಲಿ ಲೀಗ್ ಜೊತೆಗೆ ರೊಮೇನಿಯಾ ಕಪ್ ಕೂಡ ಅದೇ ಕಪಾಟು ಸೇರಿತು. ಪುರುಷರ ಫುಟ್‌ಬಾಲ್‌ನಲ್ಲಿ ಇಂಥ ಸಾಲು ಕಂಡರೆ ಹಣದ ಥೈಲಿ ಎಲ್ಲಿಂದ ಬಂತೆಂದು ಹುಡುಕುವುದು ಎಲ್ಲರ ಅಭ್ಯಾಸ. ಇಲ್ಲಿ ಆ ಪ್ರಶ್ನೆ ಹೆಚ್ಚು ದೂರ ಹೋಗುವುದಿಲ್ಲ. ನನಗೆ ಕಂಡ ಕಾರಣ ಬೇರೆ. ಮಹಿಳೆಯರು ಫುಟ್‌ಬಾಲನ್ನೇ ನೆಚ್ಚಿ ಬದುಕುವುದು ಕಷ್ಟವಾಗಿದ್ದ ದೇಶದಲ್ಲಿ ಚೆನ್ನಾಗಿ ಆಡುವ ಹುಡುಗಿಗೆ ಮುಖ್ಯವಾಗಿ ಬೇಕಾದದ್ದು ಮೂರು: ಕ್ರಮಬದ್ಧ ತರಬೇತಿ, ಅಲ್ಲಿಯೇ ಓದು ಮುಂದುವರಿಸುವ ಸೌಲಭ್ಯ, ಯುರೋಪಿನ ಬೇರೆ ಕ್ಲಬ್ಬುಗಳ ಕಣ್ಣಿಗೆ ಬೀಳುವ ಅವಕಾಶ. ಕ್ಲುಜ್ ದೊಡ್ಡ ವಿಶ್ವವಿದ್ಯಾಲಯಗಳ ಊರು, ಲೀಗ್ ಗೆದ್ದ ತಂಡಕ್ಕೆ ಯುರೋಪಿನ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಬಾಗಿಲು ತಾನಾಗಿ ತೆರೆಯುತ್ತದೆ, ಆ ಬಾಗಿಲನ್ನು ಕಂಡು ಇನ್ನಷ್ಟು ಒಳ್ಳೆಯ ಆಟಗಾರ್ತಿಯರು ಬರುತ್ತಾರೆ, ಅವರು ಬಂದುದರಿಂದ ಮತ್ತೆ ಲೀಗ್ ಗೆಲ್ಲುವುದು ಸುಲಭವಾಗುತ್ತದೆ. ಈ ಚಕ್ರ ಒಮ್ಮೆ ಉರುಳಲು ಶುರುವಾದ ಮೇಲೆ ಅದನ್ನು ತಡೆಯುವ ಶಕ್ತಿ ಉಳಿದ ಊರುಗಳ ತಂಡಗಳಿಗೆ ಬಹುಕಾಲ ಇರಲಿಲ್ಲ.

ಇನ್ನು ಪಂದ್ಯದ ದಿನದ ಅನುಭವ. ಈ ಕ್ಲಬ್ಬು ಒಂದೇ ಕ್ರೀಡಾಂಗಣಕ್ಕೆ ಅಂಟಿಕೊಂಡದ್ದಲ್ಲ, ಆದ್ದರಿಂದ ಹೊರಡುವ ಮುನ್ನ ಮೈದಾನ ಯಾವುದೆಂದು ಖಚಿತಪಡಿಸಿಕೊಳ್ಳುವುದು ಅಗತ್ಯ. ವೇಳಾಪಟ್ಟಿ ತೋರಿಸುವ ಒಂದು ಆ್ಯಪ್ (ಹೆಸರು ಬೇಡ) ಆರಂಭದ ಸಮಯವನ್ನು ತಪ್ಪಾಗಿ ತೋರಿಸಿದ್ದರಿಂದ ನಾನು ಒಮ್ಮೆ ದ್ವಿತೀಯಾರ್ಧವನ್ನಷ್ಟೇ ನೋಡಿ ಬಂದದ್ದಿದೆ. 30 ಸಾವಿರ ಆಸನಗಳಿರುವ ಕ್ಲುಜ್ ಅರೇನಾವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಮಹಿಳಾ ಲೀಗ್ ಪಂದ್ಯದ ಮೈದಾನ ಸಣ್ಣದೆನಿಸುತ್ತದೆ. ನಾನು ಹೋದಾಗಲೆಲ್ಲ ಆಟಗಾರ್ತಿಯರ ಮನೆಯವರು, ಕ್ಲಬ್ಬಿನ ಕಿರಿಯ ತಂಡಗಳ ಹುಡುಗಿಯರು, ಸುತ್ತಲಿನ ಬಡಾವಣೆಯ ಒಂದಿಷ್ಟು ಹಿರಿಯರು ಅಲ್ಲಲ್ಲಿ ಗುಂಪಾಗಿ ಕುಳಿತಿರುತ್ತಿದ್ದರು. ಹಿರಿಯರ ಕೈಯಲ್ಲಿ ಸೂರ್ಯಕಾಂತಿ ಬೀಜದ ಪೊಟ್ಟಣ ಇದ್ದೇ ಇರುತ್ತದೆ. ಹಲ್ಲಿನಲ್ಲಿ ಒಡೆದು ಸಿಪ್ಪೆಯನ್ನು ಕಾಲ ಬಳಿ ಉಗುಳುತ್ತ ಆಟ ನೋಡುವುದು ರೊಮೇನಿಯಾದ ಫುಟ್‌ಬಾಲ್ ಪ್ರೇಕ್ಷಕರ ಹಳೆಯ ಚಾಳಿ. ಪಕ್ಕದಲ್ಲಿ ಕುಳಿತ ಅಪರಿಚಿತನಿಗೂ ಒಂದು ಹಿಡಿ ಕೊಡುತ್ತಾರೆ.

ಪ್ರೇಕ್ಷಕರು ಕಡಿಮೆಯಿರುವುದು ಇಲ್ಲಿ ಕೊರತೆಯೂ ಹೌದು, ಅನುಕೂಲವೂ ಹೌದು. ದೊಡ್ಡ ಕ್ರೀಡಾಂಗಣದ ಗದ್ದಲದಲ್ಲಿ ಎಂದೂ ಕೇಳಿಸದ ಆಟದ ಸದ್ದು ಇಲ್ಲಿ ಕಿವಿಗೆ ಬೀಳುತ್ತದೆ. ಹೊಡೆತಕ್ಕೂ ಪಾಸಿಗೂ ಬೂಟು ಚೆಂಡಿಗೆ ತಾಗುವ ಶಬ್ದ ಬೇರೆ ಬೇರೆ; ಕೆಲ ಹೊತ್ತು ಕೇಳಿದ ಮೇಲೆ ಕಣ್ಣು ಮುಚ್ಚಿದರೂ ಯಾವುದು ಯಾವುದೆಂದು ತಿಳಿಯುತ್ತದೆ. ಗೋಲ್‌ಕೀಪರ್ ತನ್ನ ಡಿಫೆಂಡರ್‌ಗಳ ಸಾಲನ್ನು ಮುಂದಕ್ಕೆ ಕಳಿಸಲು ‘ಉರ್ಕಾ’ ಎಂದು ಕೂಗುವುದು, ಚೆಂಡು ಪಡೆಯುತ್ತಿರುವವಳ ಬೆನ್ನಿಗೆ ಎದುರಾಳಿ ಯಾರೂ ಇಲ್ಲವೆಂದು ತಿಳಿಸಲು ಜೊತೆಗಾತಿ ‘ಸಿಂಗುರಾ’ ಎನ್ನುವುದು, ಬೆಂಚಿನಿಂದ ‘ಹೈ ಫೆತೆಲೆ’ ಎಂಬ ಹುರಿದುಂಬಿಕೆ ಏಳುವುದು, ಇವೆಲ್ಲ ಕೇಳಿಸುವುದರಿಂದ ಭಾಷೆ ಬಾರದವರಿಗೂ ಮೊದಲರ್ಧದೊಳಗೆ ತಂಡದ ಲೆಕ್ಕಾಚಾರ ಅರ್ಥವಾಗತೊಡಗುತ್ತದೆ. ಒಂದು ಪಂದ್ಯದಲ್ಲಿ ಎಡಬದಿಯ ಡಿಫೆಂಡರ್ ತನ್ನ ಕಡೆಯ ವಿಂಗರ್ ಒಳಕ್ಕೆ ಸರಿಯುವವರೆಗೆ ಚೆಂಡನ್ನು ಅಂಗಾಲಿನಡಿ ಒತ್ತಿ ಹಿಡಿದು, ಎದುರಾಳಿ ಮುನ್ನುಗ್ಗಿದ ಕ್ಷಣದಲ್ಲಿ ಅವಳ ಕಾಲುಗಳ ನಡುವೆ ತೂರಿಸಿ, ಗೆರೆಯುದ್ದಕ್ಕೂ ಓಡಿಹೋದದ್ದನ್ನು ನಾನು ಬೇಲಿಯ ಬಳಿ ನಿಂತು ನೋಡಿದೆ. ಟಿವಿಯಲ್ಲಿ ಅದು ಅರೆಕ್ಷಣದ ದೃಶ್ಯ. ಮೂರು ಮಾರು ದೂರದಿಂದ ಕಂಡಾಗ ಆಕೆ ಕಾದದ್ದು ಎಷ್ಟು ಹೊತ್ತು, ಆ ಕಾಯುವಿಕೆಗೆ ಎಷ್ಟು ಧೈರ್ಯ ಬೇಕು ಎಂಬುದು ತಿಳಿಯುತ್ತದೆ.

ಆದರೆ ಫಲಿತಾಂಶದ ವಿಷಯಕ್ಕೆ ಬಂದರೆ ಮೆಚ್ಚುಗೆಯ ಮಾತು ಅಷ್ಟು ಸುಲಭವಾಗಿ ಹೊರಡುವುದಿಲ್ಲ. ಈ ಲೀಗ್‌ನಲ್ಲಿ ಒಲಿಂಪಿಯಾ ಎರಡಂಕಿಯ ಗೋಲುಗಳಿಂದ ಗೆಲ್ಲುವುದು ಅಪರೂಪದ ಸುದ್ದಿಯಾಗಿರಲಿಲ್ಲ. ನಾಲ್ಕನೆಯದೋ ಐದನೆಯದೋ ಗೋಲಿನ ನಂತರ ಸಂಭ್ರಮಾಚರಣೆಯೂ ಕುಗ್ಗಿ, ಗೋಲು ಹೊಡೆದವಳೇ ಬಲೆಯಿಂದ ಚೆಂಡು ತೆಗೆದುಕೊಂಡು ನಡುಗೆರೆಯತ್ತ ನಡೆಯುತ್ತಾಳೆ. ಆ ಹಂತದಲ್ಲಿ ನಾನು ಎದುರಾಳಿ ತಂಡದ ಗೋಲ್‌ಕೀಪರನ್ನೇ ನೋಡುತ್ತ ಕುಳಿತುಕೊಳ್ಳುವುದನ್ನು ರೂಢಿಸಿಕೊಂಡೆ. ಸಂಜೆಯೆಲ್ಲ ಹೊಡೆತಗಳನ್ನು ತಡೆದು ತಡೆದು ಕಾಲು ಸೋತ ಹುಡುಗಿಯೊಬ್ಬಳು ಗೋಲ್ ಕಿಕ್ ಹೊಡೆಯಲು ತನ್ನ ಡಿಫೆಂಡರನ್ನು ಕರೆದು, ತಾನು ಗೆರೆಯ ಮೇಲೆ ನಿಂತು ಕೈಗವಸಿನ ಪಟ್ಟಿ ಬಿಗಿದುಕೊಂಡು, ಮುಂದಿನ ದಾಳಿಗೆ ಸಿದ್ಧಳಾದದ್ದು ಆ ಪಂದ್ಯದ ಹೆಚ್ಚಿನ ಗೋಲುಗಳಿಗಿಂತ ಚೆನ್ನಾಗಿ ನೆನಪಿದೆ. ದ್ವಿತೀಯಾರ್ಧದಲ್ಲಿ ಒಲಿಂಪಿಯಾ ತನ್ನ ಕಿರಿಯರನ್ನು ಮೈದಾನಕ್ಕಿಳಿಸುವುದೂ ನೋಡತಕ್ಕದ್ದೇ. ಹೀಗೆ ಬೇರೆ ಕಾರಣಗಳನ್ನು ಹುಡುಕಿಕೊಂಡು ನೋಡುವ ತಾಳ್ಮೆ ಇಲ್ಲದವರು ಮಧ್ಯಂತರಕ್ಕೆ ಎದ್ದು ಹೋದರೆ ತಪ್ಪು ಹೇಳಲಾರೆ.

ಹಾಗಾದರೆ ಈ ತಂಡ ನಿಜಕ್ಕೂ ಎಷ್ಟು ಒಳ್ಳೆಯದು? ಮನೆಯಂಗಳದ ಗೆಲುವುಗಳು ಈ ಪ್ರಶ್ನೆಗೆ ಉತ್ತರ ಕೊಡಲಾರವು. ಯುರೋಪಿನ ಪಂದ್ಯಗಳು ಕೊಡುತ್ತವೆ. ಆ ಕಾಲದ ಮಹಿಳಾ ಚಾಂಪಿಯನ್ಸ್ ಲೀಗ್‌ನ ವ್ಯವಸ್ಥೆ ಸಣ್ಣ ದೇಶಗಳ ಚಾಂಪಿಯನ್‌ಗಳಿಗೆ ಕ್ರೂರವೂ ಉದಾರವೂ ಆಗಿತ್ತು. ಆಗಸ್ಟ್‌ನಲ್ಲಿ ನಾಲ್ಕು ತಂಡಗಳ ಕಿರು ಗುಂಪು ಒಂದೇ ಊರಿನಲ್ಲಿ ಸೇರಿ ಕೆಲವೇ ದಿನಗಳ ಅಂತರದಲ್ಲಿ ಪರಸ್ಪರ ಆಡಬೇಕಿತ್ತು. ಅದರಲ್ಲಿ ಮುಂದೆ ಬಂದವರು ನೇರವಾಗಿ 32 ತಂಡಗಳ ಘಟ್ಟಕ್ಕೆ, ಅಂದರೆ ಯುರೋಪಿನ ಅತಿ ದೊಡ್ಡ ತಂಡಗಳ ಎದುರಿಗೆ, ಹೋಗಿ ಬೀಳುತ್ತಿದ್ದರು. ಒಲಿಂಪಿಯಾ ತನ್ನ ಮೊದಲ ಪ್ರಯತ್ನದಲ್ಲೇ, 2011ರಲ್ಲಿ, ಆ ಘಟ್ಟ ತಲುಪಿತು. ಅದೃಷ್ಟದ ಚೀಟಿಯಲ್ಲಿ ಬಂದ ಹೆಸರು ಲಿಯೋನ್.

ಅದೇ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಟರ್ಬೈನ್ ಪಾಟ್ಸ್‌ಡ್ಯಾಮ್ ತಂಡವನ್ನು 2-0ಯಿಂದ ಸೋಲಿಸಿ ಮೊದಲ ಬಾರಿ ಯುರೋಪಿನ ಕಿರೀಟ ಧರಿಸಿದ್ದ ಫ್ರಾನ್ಸಿನ ಲಿಯೋನ್ ಆಗ ತನ್ನ ಸುವರ್ಣಯುಗದ ಹೊಸ್ತಿಲಲ್ಲಿತ್ತು. ಹುಟ್ಟಿ ಎರಡನೇ ವರ್ಷ ನಡೆಯುತ್ತಿದ್ದ ರೊಮೇನಿಯಾದ ಕ್ಲಬ್ಬಿಗೆ ಅದಕ್ಕಿಂತ ಕಠಿಣ ಎದುರಾಳಿ ಭೂಮಿಯ ಮೇಲೆ ಇರಲಿಲ್ಲ. ತವರಿನಲ್ಲೊಂದು, ಎದುರಾಳಿಯ ಊರಿನಲ್ಲೊಂದು ಎಂದು ಎರಡು ಪಂದ್ಯ (ಲೆಗ್) ಆಡಬೇಕಿತ್ತು; ತವರಿನ ಮೊದಲ ಲೆಗ್‌ನಲ್ಲಿ ಒಲಿಂಪಿಯಾ 0-9ರಿಂದ ಸೋತಿತು. ಎಲ್ಲ ದಾಖಲೆಗಳಲ್ಲೂ ಕಣ್ಣಿಗೆ ರಾಚುವುದು ಈ ಅಂಕಿಯೇ. ಆದರೆ ವಿಮರ್ಶಕನಾಗಿ ನನ್ನ ಗಮನ ಸೆಳೆದದ್ದು ಎರಡನೆಯ ಲೆಗ್. ಫ್ರಾನ್ಸಿಗೆ ಹೋಗಿ, ಅದೇ ಲಿಯೋನ್ ಎದುರು, ಕೈಬಿಟ್ಟುಹೋದ ಪೈಪೋಟಿಯಲ್ಲಿ, ಅವರು ಬಿಟ್ಟುಕೊಟ್ಟದ್ದು ಮೂರೇ ಗೋಲು. ಗೆದ್ದಾಗಿದೆ ಎಂಬ ಕಾರಣಕ್ಕೆ ಲಿಯೋನ್ ಆಟದ ಬಿಸಿ ತಗ್ಗಿಸಿರಬಹುದು, ಒಪ್ಪೋಣ. ಆದರೂ ದೇಶದೊಳಗೆ ಇಡೀ ಋತು ದಾಳಿಯನ್ನಷ್ಟೇ ಆಡುವ ತಂಡವೊಂದಕ್ಕೆ ತೊಂಬತ್ತು ನಿಮಿಷ ತನ್ನ ಪೆನಾಲ್ಟಿ ಪ್ರದೇಶದಲ್ಲೇ ನಿಂತು ಆಡುವ ಅಭ್ಯಾಸವೇ ಇರುವುದಿಲ್ಲ. ಅದನ್ನು ಎರಡು ಪಂದ್ಯಗಳ ನಡುವಿನ ಅಲ್ಪಾವಧಿಯಲ್ಲಿ ಕಲಿತದ್ದು ಸಣ್ಣ ಮಾತಲ್ಲ. ಲಿಯೋನ್ ಆ ಋತುವಿನ ಕೊನೆಗೆ ಮ್ಯೂನಿಕ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ 50 ಸಾವಿರಕ್ಕೂ ಹೆಚ್ಚು ಪ್ರೇಕ್ಷಕರ ಮುಂದೆ ಫ್ರಾಂಕ್‌ಫರ್ಟ್ ತಂಡವನ್ನು ಸೋಲಿಸಿ ಕಿರೀಟವನ್ನು ಉಳಿಸಿಕೊಂಡಿತು.

ಕಲಿತದ್ದು ವ್ಯರ್ಥವಾಗಲಿಲ್ಲ ಎಂಬುದು ಮರುವರ್ಷ ತಿಳಿಯಿತು. 2012-13ರ ಋತುವಿನಲ್ಲಿ ಒಲಿಂಪಿಯಾಕ್ಕೆ 32ರ ಘಟ್ಟದಲ್ಲಿ ಎದುರಾದದ್ದು ಆಸ್ಟ್ರಿಯಾದ ನೊಯ್‌ಲೆಂಗ್‌ಬಾಕ್. ಕ್ಲುಜ್‌ನಲ್ಲಿ 1-1, ಆಸ್ಟ್ರಿಯಾದಲ್ಲಿ 2-2. ಒಟ್ಟು ಗೋಲು ಸಮವಾದರೂ ಹೊರನಾಡಿನಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಎಂಬ ಆಗಿನ ನಿಯಮದಂತೆ ಒಲಿಂಪಿಯಾ 16ರ ಘಟ್ಟಕ್ಕೆ ಹೋಯಿತು. ಅಲ್ಲಿ ಇಟಲಿಯ ಸಾರ್ಡೀನಿಯಾ ದ್ವೀಪದ ತೊರೆಸ್ ತಂಡ ಅವರನ್ನು ಹೊರಹಾಕಿತು. ಅದೇ ಋತುವಿನಲ್ಲಿ ನಗರದ ಪುರುಷರ ತಂಡ ಸಿಎಫ್‌ಆರ್ ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು 1-0ಯಿಂದ ಸೋಲಿಸಿತು, ಮತ್ತು ಹತ್ತು ಅಂಕ ಗಳಿಸಿಯೂ ತನ್ನ ಗುಂಪನ್ನು ದಾಟಲಾಗಲಿಲ್ಲ. ಸುಮಾರು ಮೂರು ಲಕ್ಷ ಜನರ ಊರೊಂದರಿಂದ ಎರಡು ತಂಡಗಳು ಒಂದೇ ಋತುವಿನಲ್ಲಿ ಯುರೋಪಿನ ದೊಡ್ಡ ವೇದಿಕೆಯಲ್ಲಿ ಆಡುತ್ತಿದ್ದವು. ಆ ವರ್ಷ ಕೊನೆಯ ಹದಿನಾರರಲ್ಲಿ ಸ್ಥಾನ ಪಡೆದದ್ದು ಹೆಣ್ಣುಮಕ್ಕಳ ತಂಡ. ಆದರೂ ಕ್ಲುಜ್‌ನ ಕಾಫಿ ಅಂಗಡಿಗಳಲ್ಲಿ ಫುಟ್‌ಬಾಲ್ ಮಾತು ತೆಗೆದರೆ ಇಂದಿಗೂ ಕೇಳಿಬರುವುದು ಓಲ್ಡ್ ಟ್ರಾಫರ್ಡ್ ಕಥೆ.

2015ರಲ್ಲಿ ಪ್ಯಾರಿಸ್ ಸೇಂಟ್ ಜರ್ಮೈನ್ ಎದುರಾಯಿತು: 0-6, 0-9. ಲಿಯೋನ್ ಎದುರು ಆಡಿದ ನಾಲ್ಕು ವರ್ಷಗಳ ನಂತರ, ಅಷ್ಟು ಪ್ರಶಸ್ತಿಗಳ ನಂತರ, ಅಂತರ ಇನ್ನೂ ಹೆಚ್ಚಿತ್ತು. ಇದನ್ನು ಒಲಿಂಪಿಯಾದ ಇಳಿಕೆ ಎಂದು ಓದುವುದಕ್ಕೆ ನಾನು ಒಪ್ಪುವುದಿಲ್ಲ. ಆ ನಾಲ್ಕು ವರ್ಷಗಳಲ್ಲಿ ಪಶ್ಚಿಮ ಯುರೋಪಿನ ಶ್ರೀಮಂತ ಪುರುಷ ಕ್ಲಬ್ಬುಗಳು ತಮ್ಮ ಮಹಿಳಾ ತಂಡಗಳಿಗೆ ಪೂರ್ಣಾವಧಿ ಸಂಬಳ, ವೈದ್ಯರು, ಅಂತರರಾಷ್ಟ್ರೀಯ ತಾರೆಯರನ್ನು ಒದಗಿಸಿದವು. ಕ್ಲುಜ್‌ನ ತಂಡ ಇದ್ದಲ್ಲಿಯೇ ಇದ್ದರೂ ಹಿಂದೆ ಬಿದ್ದಂತೆ ಕಂಡಿತು. ಮನೆಯಲ್ಲಿ ಪ್ರತಿ ವಾರ ಐದು ಗೋಲು ಹೊಡೆಯುವುದರಿಂದ ಆ ಅಂತರ ತುಂಬುವುದಿಲ್ಲ. ನಿಜ ಹೇಳಬೇಕೆಂದರೆ ಒಲಿಂಪಿಯಾದ ದೊಡ್ಡ ಕೊರತೆ ಅದರ ಒಳಗಿನದಲ್ಲ, ಅದಕ್ಕೆ ಸಮಜೋಡಿಯಾದ ಎದುರಾಳಿ ದೇಶದೊಳಗೆ ಇಲ್ಲದ್ದು.

ಕ್ಲಬ್ಬಿನ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ರಾತ್ರಿ ಮಾತ್ರ ಕ್ಲಬ್ಬಿನ ಪಂದ್ಯದ್ದಲ್ಲ, ರಾಷ್ಟ್ರೀಯ ತಂಡದ್ದು. 2016ರ ಅಕ್ಟೋಬರ್‌ನಲ್ಲಿ ರೊಮೇನಿಯಾ ಮಹಿಳಾ ತಂಡ ಯುರೋಪಿನ ದೇಶಗಳ ಟೂರ್ನಿಯಾದ ಯುರೋ 2017ರ ಕೊನೆಯ ಸ್ಥಾನಕ್ಕಾಗಿ ಪೋರ್ಚುಗಲ್ ಎದುರು ಪ್ಲೇಆಫ್ ಆಡಿತು. ತಂಡದ ತರಬೇತುದಾರ ಒಲಿಂಪಿಯಾವನ್ನು ಕಟ್ಟಿ ಬೆಳೆಸಿದ ಮಿರೆಲ್ ಅಲ್ಬೋನ್. ಆಟಗಾರ್ತಿಯರಲ್ಲಿ ಅನೇಕರು ಅದೇ ಕ್ಲಬ್ಬಿನವರು ಅಥವಾ ಅಲ್ಲಿ ಆಡಿ ಹೋದವರು. ಪೋರ್ಚುಗಲ್‌ನಲ್ಲಿ ನಡೆದ ಮೊದಲ ಲೆಗ್ ಗೋಲಿಲ್ಲದೆ ಮುಗಿಯಿತು. ಎರಡನೆಯದು ಕ್ಲುಜ್‌ನಲ್ಲಿ. ನಿಗದಿತ ಅವಧಿಯಲ್ಲಿ ಅಲ್ಲಿಯೂ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಆಂದ್ರೆಯಾ ನೋರ್ತನ್ ಪೋರ್ಚುಗಲ್‌ಗೆ ಮುನ್ನಡೆ ಕೊಟ್ಟಳು, ರೊಮೇನಿಯಾ ಸಮ ಮಾಡಿತು, ಇನ್ನೊಂದು ಗೋಲು ಬರಲೇ ಇಲ್ಲ. 1-1. ಹೊರನಾಡಿನ ಗೋಲಿನ ನಿಯಮದಂತೆ ಪೋರ್ಚುಗಲ್ ಚರಿತ್ರೆಯಲ್ಲಿ ಮೊದಲ ಬಾರಿ ಯುರೋ ಟೂರ್ನಿಗೆ ಹೋಯಿತು. ನೊಯ್‌ಲೆಂಗ್‌ಬಾಕ್ ಎದುರು ಒಲಿಂಪಿಯಾವನ್ನು ದಡ ಸೇರಿಸಿದ ನಿಯಮವೇ ನಾಲ್ಕು ವರ್ಷಗಳ ನಂತರ ಕ್ಲುಜ್‌ನಲ್ಲಿ ರೊಮೇನಿಯಾವನ್ನು ಮುಳುಗಿಸಿತು. 2021ರಲ್ಲಿ ಯುಇಎಫ್‌ಎ ಆ ನಿಯಮವನ್ನೇ ತೆಗೆದುಹಾಕಿತು. ಪೋರ್ಚುಗಲ್ ಆಮೇಲೆ 2022 ಮತ್ತು 2025ರ ಯುರೋಗಳಿಗೂ 2023ರ ವಿಶ್ವಕಪ್‌ಗೂ ಹೋಯಿತು. ರೊಮೇನಿಯಾದ ಮಹಿಳೆಯರು ಇಂದಿಗೂ ಯಾವ ದೊಡ್ಡ ಟೂರ್ನಿಗೂ ಹೋಗಿಲ್ಲ. ಒಂದು ದೇಶದ ಫುಟ್‌ಬಾಲ್ ಬಹುಪಾಲು ಒಂದೇ ಕ್ಲಬ್ಬಿನ ಹೆಗಲ ಮೇಲೆ ನಿಂತಾಗ ಆ ಹೆಗಲು ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಆ ರಾತ್ರಿಯೇ ಅಳತೆ: ಬಾಗಿಲವರೆಗೆ ಒಯ್ದಿತು.

ಆಟಗಾರ್ತಿಯರ ಕಣ್ಣಿನಿಂದ ನೋಡಿದರೆ ಈ ಕ್ಲಬ್ಬಿಗೆ ಪೂರ್ಣ ಅಂಕ ಕೊಡಬೇಕಾಗುತ್ತದೆ. ಸ್ಟ್ರೈಕರ್ ಕೋಸ್ಮಿನಾ ದುಷಾ, ಮಿಡ್‌ಫೀಲ್ಡರ್ ಮರಿಯಾ ಫಿತ್ಸಾಯಿ ಇಲ್ಲಿ ಹೆಸರು ಮಾಡಿದರು. ಷ್ಟೆಫಾನಿಯಾ ವತಾಫು ಇಲ್ಲಿಂದ ಬೆಲ್ಜಿಯಂನ ಆಂಡರ್‌ಲೆಕ್ಟ್‌ಗೆ ಹೋದಳು, ಗೋಲ್‌ಕೀಪರ್ ಆಂದ್ರೆಯಾ ಪರಲುತ್ಸಾ ಸ್ಪೇನ್‌ಗೆ ಹೋದಳು. ಇದಕ್ಕೂ ಮುಂಚೆ ಕ್ಲುಜಾನಾ ತಂಡದಲ್ಲಿ ಆಡಿದ್ದ ಲೌರಾ ರುಸ್ ಸೈಪ್ರಸ್‌ನ ಅಪೊಲೊನ್ ಪರ 2012-13ರ ಚಾಂಪಿಯನ್ಸ್ ಲೀಗ್‌ನಲ್ಲಿ 11 ಗೋಲು ಹೊಡೆದು ಆ ವರ್ಷದ ಅತ್ಯಧಿಕ ಗೋಲು ಗಳಿಸಿದ ಆಟಗಾರ್ತಿಯಾದಳು. ಅಪೊಲೊನ್ ಹೆಸರು ಭಾರತದ ಫುಟ್‌ಬಾಲ್ ಪ್ರಿಯರಿಗೆ ಪರಿಚಿತವೇ: ಹತ್ತು ವರ್ಷಗಳ ನಂತರ, 2022ರಲ್ಲಿ, ಗೋಕುಲಂ ಕೇರಳ ತಂಡದಿಂದ ಹೋದ ಪಂಜಾಬಿನ ಮನಿಷಾ ಕಲ್ಯಾಣ್ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯಳಾದದ್ದು ಇದೇ ಕ್ಲಬ್ಬಿನ ಅಂಗಿ ತೊಟ್ಟು. ಭಾರತೀಯ ಮಹಿಳಾ ಲೀಗ್‌ನ 2022-23ರ ಫೈನಲ್‌ನಲ್ಲಿ ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಅದೇ ಗೋಕುಲಂ ಎದುರು 0-5ರಿಂದ ಸೋತದ್ದನ್ನು ನೋಡಿದವರಿಗೆ ಕ್ಲುಜ್‌ನ ಎದುರಾಳಿಗಳ ಪಾಡು ಹೊಸದೆನಿಸದು.

ಕ್ಲಬ್ಬಿನ ಹೆಸರಿನ ಬಗ್ಗೆ ಒಂದು ಸೂಚನೆ ಅಗತ್ಯ. ಹಳೆಯ ದಾಖಲೆಗಳಲ್ಲಿ ಸಿಎಫ್‌ಎಫ್ ಒಲಿಂಪಿಯಾ ಎಂದೂ, ಆಮೇಲೆ ಯು ಒಲಿಂಪಿಯಾ ಎಂದೂ ಎಫ್‌ಸಿಯು ಒಲಿಂಪಿಯಾ ಎಂದೂ ಕಾಣಸಿಗುವುದು ಒಂದೇ ತಂಡ. ಈ ‘ಯು’ ಅಕ್ಷರ ನಗರದ ಹಳೆಯ ಯುನಿವರ್ಸಿತಾತೆಯಾ ಪರಂಪರೆಯ ಗುರುತು. ಹುಡುಕುವಾಗ ಒಂದೇ ಹೆಸರನ್ನು ನೆಚ್ಚಿಕೊಂಡರೆ ಅರ್ಧ ಇತಿಹಾಸ ಕೈತಪ್ಪುತ್ತದೆ.

ಸೌಕರ್ಯಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನಾನು ಹೋದ ಲೀಗ್ ಪಂದ್ಯಗಳಲ್ಲಿ ಗೇಟಿನ ಬಳಿ ಯಾರೂ ಹಣ ಕೇಳಲಿಲ್ಲ; ಎಲ್ಲಿ ಬೇಕಾದರೂ ಕೂರಬಹುದಿತ್ತು. ಮಾರ್ಚ್‌ನಲ್ಲಿಯೂ ನವೆಂಬರ್‌ನಲ್ಲಿಯೂ ಚಳಿ ಮೂಳೆಗೆ ಇಳಿಯುತ್ತದೆ, ಸಿಮೆಂಟಿನ ಮೆಟ್ಟಿಲ ಮೇಲೆ ಹಾಸಿಕೊಳ್ಳಲು ಏನಾದರೂ ಒಯ್ಯುವುದು ಒಳ್ಳೆಯದು. ತಿನ್ನಲು ಮೈದಾನದೊಳಗೆ ಏನೂ ಸಿಗದಿದ್ದರೂ ನಗರದ ತುಂಬ ಕೊವ್ರಿಜ್ ಎಂಬ ಎಳ್ಳು ಹಚ್ಚಿದ ಬಿಸಿ ಬ್ರೆಡ್ ಬಳೆಗಳ ಅಂಗಡಿಗಳಿವೆ. ಸಸ್ಯಾಹಾರಿಗಳು ಬದನೆ ಮತ್ತು ಕೆಂಪು ದೊಣ್ಣೆಮೆಣಸಿನಕಾಯಿಯಿಂದ ಮಾಡುವ ಝಕುಸ್ಕಾವನ್ನು ಬ್ರೆಡ್ಡಿಗೆ ಸವರಿ ಕಟ್ಟಿಕೊಂಡು ಹೋಗಬಹುದು; ನಮ್ಮ ಬದನೆಕಾಯಿ ಗೊಜ್ಜಿನ ಖಾರ ಮಾತ್ರ ಅದರಲ್ಲಿ ನಿರೀಕ್ಷಿಸಬಾರದು. ರೊಮೇನಿಯನ್ ಬಾರದಿದ್ದರೂ ತೊಂದರೆಯಿಲ್ಲ. ಕಿರಿಯರಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾತನಾಡುತ್ತಾರೆ, ಹಿರಿಯರಲ್ಲಿ ಹಲವರ ಮನೆಮಾತು ಹಂಗೇರಿಯನ್.

ಯಾವ ಪಂದ್ಯಕ್ಕೆ ಹೋಗಬೇಕೆಂಬ ಪ್ರಶ್ನೆಗೆ ಉತ್ತರ ಈಚಿನ ವರ್ಷಗಳಲ್ಲಿ ಬದಲಾಗಿದೆ. ಲಿಯೋನ್ ಅಥವಾ ಪ್ಯಾರಿಸ್‌ನಂಥ ತಂಡ ಸೆಪ್ಟೆಂಬರಿನ ಒಂದು ಸಂಜೆ ಕ್ಲುಜ್‌ಗೆ ಬರುವ ಕಾಲ ಬಹುತೇಕ ಮುಗಿದಂತೆಯೇ. 2021-22ರಿಂದ ಚಾಂಪಿಯನ್ಸ್ ಲೀಗ್‌ನಲ್ಲಿ ಹದಿನಾರು ತಂಡಗಳ ಗುಂಪು ಹಂತ ಬಂತು, 2025-26ರಿಂದ ಅದು ಹದಿನೆಂಟು ತಂಡಗಳ ಲೀಗ್ ಹಂತವಾಯಿತು. ಅಲ್ಲಿಗೆ ಸೇರಲು ಸಣ್ಣ ದೇಶಗಳ ಚಾಂಪಿಯನ್‌ಗಳು ಮೊದಲು ತಮ್ಮತಮ್ಮಲ್ಲಿಯೇ ಸುತ್ತುಗಳನ್ನು ಆಡಿ ಗೆಲ್ಲಬೇಕು, ದೊಡ್ಡವರು ಅಲ್ಲಿಯವರೆಗೆ ಕಣ್ಣಿಗೇ ಬೀಳುವುದಿಲ್ಲ. ಸೋಲಿನ ಅವಮಾನ ಇದರಿಂದ ಕಡಿಮೆಯಾಗಿರಬಹುದು, ಆದರೆ ರೊಮೇನಿಯಾದ ಹದಿನೈದರ ಹುಡುಗಿಯೊಬ್ಬಳು ತನ್ನೂರಿನಲ್ಲೇ ಕುಳಿತು ಲಿಯೋನ್‌ನ ಮಿಡ್‌ಫೀಲ್ಡ್ ಹೇಗೆ ಆಡುತ್ತದೆಂದು ನೋಡುವ ಅವಕಾಶವೂ ಅದರೊಂದಿಗೆ ಹೋಯಿತು, ಮತ್ತು ಈ ವಿನಿಮಯದಲ್ಲಿ ನಷ್ಟವೇ ಹೆಚ್ಚೆಂದು ನನ್ನ ಅಭಿಪ್ರಾಯ. ಅತ್ತ ದೇಶದೊಳಗೆ ಪೈಪೋಟಿ ಕೊನೆಗೂ ಬಂದಿದೆ. ಕಪ್ಪು ಸಮುದ್ರದ ದಡದ ಕಾನ್‌ಸ್ಟಾಂಟ್ಸಾ ನಗರದ ಫಾರುಲ್, ಅಂದರೆ ರೊಮೇನಿಯಾದ ಹೆಸರಾಂತ ಮಾಜಿ ಆಟಗಾರ ಗೆಯೋರ್ಗೆ ಹಾಜಿಯ ಹೆಸರಿನೊಂದಿಗೆ ಬೆಸೆದುಕೊಂಡ ಕ್ಲಬ್ಬು, 2024ರಲ್ಲಿ ಮಹಿಳಾ ಲೀಗ್ ಗೆದ್ದಿತು. ಆದ್ದರಿಂದ ವೇಳಾಪಟ್ಟಿಯಲ್ಲಿ ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಫಾರುಲ್ ಎದುರಿನ ತವರು ಪಂದ್ಯಕ್ಕೆ ಹೋಗಿ, ಮತ್ತು ನಡುಗೆರೆಯ ಬಳಿ ಕೂರದೆ ಒಲಿಂಪಿಯಾ ರಕ್ಷಿಸುವ ಗೋಲಿನ ಬದಿಯಲ್ಲಿ ಕೂತುಕೊಳ್ಳಿ; ಉಳಿದ ಪಂದ್ಯಗಳಲ್ಲಿ ಆ ತುದಿಗೆ ಚೆಂಡು ಬರುವುದೇ ಅಪರೂಪ.